ಪಂಪ್ ಎಷ್ಟು ಸುತ್ತು ತಿರುಗಿತು ಅಂತ ಎಣಿಸಿದರೆ ಸಾಕಲ್ವಾ?

ಡ್ರಿಪ್ ಮತ್ತು ಡಯಾಲಿಸಿಸ್ ಮೆಷಿನ್‌ನಲ್ಲಿ ಎಷ್ಟು ದ್ರವ ಹೋಯಿತು ಅಂತ ತಿಳಿಯಲು ಇಷ್ಟು ಸಾಕಾ ಅಂತ ನೀವು ಕೇಳಿದ್ದೀರಿ. ಸಾಲದು, ಖಂಡಿತ ಸಾಲದು.

ರೋಲರ್ ಪಂಪ್ ಟ್ಯೂಬನ್ನು ಹಿಂಡಿ ಹಿಂಡಿ ದ್ರವ ತಳ್ಳುತ್ತದೆ. ಗಂಟೆಗಟ್ಟಲೆ ಹಿಂಡಿಸಿಕೊಂಡ ಟ್ಯೂಬ್ ಮತ್ತೆ ಪೂರ್ತಿ ದುಂಡಗಾಗುವುದಿಲ್ಲ, ಹಾಗಾಗಿ ಸುತ್ತು ಅಷ್ಟೇ ಇದ್ದರೂ ದ್ರವ ಕಮ್ಮಿ ಹೋಗುತ್ತದೆ.

ಇದಕ್ಕೆ ನನಗೆ ತುಂಬಾ ಇಷ್ಟವಾದ ಪರಿಹಾರ ಅಮೆರಿಕದ ಸಂಶೋಧಕ ಡೀನ್ ಕಾಮೆನ್ ತಂಡದ್ದು. 1990ರ ದಶಕದಲ್ಲಿ ಬಂದ ಹೋಮ್‌ಚಾಯ್ಸ್ ಎಂಬ ಪೆರಿಟೋನಿಯಲ್ ಡಯಾಲಿಸಿಸ್ (ಹೊಟ್ಟೆಯೊಳಗೆ ದ್ರವ ತುಂಬಿ, ಹೊರತೆಗೆದು ಮಾಡುವ ಡಯಾಲಿಸಿಸ್) ಯಂತ್ರದಲ್ಲಿ ಅದು ಇದೆ. ಒಂದು ಪ್ಲಾಸ್ಟಿಕ್ ಕ್ಯಾಸೆಟ್, ಅದರ ಮೇಲೆ ತೆಳುವಾದ ಪೊರೆ. ಪೊರೆಯ ಒಂದು ಬದಿ ದ್ರವ, ಇನ್ನೊಂದು ಬದಿ ಗಾಳಿ. ಗಾಳಿಯ ಒತ್ತಡವೇ ಪೊರೆಯನ್ನು ತಳ್ಳುತ್ತದೆ, ಎಳೆಯುತ್ತದೆ. ಪ್ರತಿ ಸಲ ಆ ಗಾಳಿಯನ್ನು ಗೊತ್ತಿರುವ ಅಳತೆಯ ಡಬ್ಬಿಗೆ ಜೋಡಿಸಿ, ಒತ್ತಡ ಎಷ್ಟು ಬದಲಾಯಿತು ಅಂತ ನೋಡಿ, ಶಾಲೆಯಲ್ಲಿ ಕಲಿತ ಬಾಯ್ಲ್ ನಿಯಮದಿಂದಲೇ ಗಾಳಿ ಎಷ್ಟು ಜಾಗ ಹಿಡಿದಿದೆ ಅಂತ ಲೆಕ್ಕ ಹಾಕುತ್ತಾರೆ. ಉಳಿದ ಜಾಗ ದ್ರವದ್ದು! ಅಂದಾಜಲ್ಲ, ನಿಜವಾದ ಅಳತೆ.

ಗಾಳಿಗುಳ್ಳೆ ಹಿಡಿಯಲು ಅಲ್ಟ್ರಾಸೌಂಡ್ ಇರುತ್ತದೆ. ಆ ಶಬ್ದ ದ್ರವದಲ್ಲಿ ಸರಾಗವಾಗಿ ಹೋಗುತ್ತದೆ, ಗಾಳಿ ಸಿಕ್ಕರೆ ಅಲ್ಲೇ ತಡೆದುಹೋಗುತ್ತದೆ. ರಕ್ತದ ಡಯಾಲಿಸಿಸ್‌ನಲ್ಲಿ ಗುಳ್ಳೆ ಕಂಡ ತಕ್ಷಣ ಪಂಪ್ ನಿಂತು, ರೋಗಿಯತ್ತ ಹೋಗುವ ಟ್ಯೂಬಿಗೆ ಕ್ಲ್ಯಾಂಪ್ ಬೀಳುತ್ತದೆ.

ಡ್ರಿಪ್ ಪಂಪಿನಲ್ಲಿ ಇನ್ನೊಂದು ಭಯವಿದೆ: ಬಾಗಿಲು ತೆಗೆದು ಟ್ಯೂಬ್ ಹೊರಗೆಳೆದರೆ ಚೀಲದ ಔಷಧಿ ಒಮ್ಮೆಲೇ ಸುರಿದುಬಿಡಬಹುದು. ಅದಕ್ಕೇ ತಾನಾಗಿ ಮುಚ್ಚಿಕೊಳ್ಳುವ ಕ್ಲ್ಯಾಂಪ್ ಬೇಕು. ನರ್ಸ್ ನೆನಪಿಟ್ಟು ಮುಚ್ಚಲಿ ಅನ್ನುವ ವಿನ್ಯಾಸ ತಪ್ಪು. ಸುಸ್ತಾದ ಕೈ 5.0 ಬದಲು 50 ಒತ್ತಬಹುದು, ಆಗ ಔಷಧಿಯ ಮಿತಿ ಗೊತ್ತಿರುವ ಪಂಪ್ ಶುರುವಾಗಲು ಒಪ್ಪಲೇಬಾರದು.