ಸದಾ ಗಡಿಬಿಡಿಯಲ್ಲೇ ಇರುವವರು ನಿರಾಳವಾಗಿ ಕೂರುವುದನ್ನು ಕಲಿಯುವುದು ಹೇಗೆ?

ನಿಮ್ಮ ಪ್ರಶ್ನೆ ಓದಿದೆ. ವಾರವಿಡೀ ಓಡಾಟ, ಭಾನುವಾರ ಬಿಡುವು ಸಿಕ್ಕರೂ ಕೂತಲ್ಲಿ ಕೂರಲು ಆಗುವುದಿಲ್ಲ, ಆಪ್ ಹಾಕಿಕೊಂಡು ಧ್ಯಾನಕ್ಕೆ ಕೂತರೆ ಚಡಪಡಿಕೆ ಇನ್ನೂ ಜಾಸ್ತಿ ಆಗುತ್ತದೆ ಎಂದಿದ್ದೀರಿ. ‘ಸುಮ್ನೆ ಕೂರಲೂ ಬಾರದ ನನ್ನಲ್ಲೇ ಏನೋ ಕೊರತೆ ಇರಬೇಕು’ ಅಂತಲೂ ಬರೆದಿದ್ದೀರಿ. ಆ ಮಾತು ಓದಿ ಬೇಜಾರಾಯಿತು. ಅದಕ್ಕೇ ಮೊದಲು ಉತ್ತರ ಹೇಳುತ್ತೇನೆ.

ನಿಮ್ಮಲ್ಲಿ ಕೊರತೆ ಏನೂ ಇಲ್ಲ. ಆರಾಮಾಗಲು ಹೊರಟಾಗಲೇ ಕೆಲವರಿಗೆ ಆತಂಕ ಏರುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞರು 1980ರ ದಶಕದಲ್ಲೇ ಗುರುತಿಸಿದ್ದಾರೆ. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಮಿಶೆಲ್ ನ್ಯೂಮನ್ ಕೊಡುವ ಕಾರಣ ನನಗೆ ಸರಿ ಅನ್ನಿಸುತ್ತದೆ. ಸದಾ ಚಿಂತೆ ಮಾಡುವವರಿಗೆ ಬಿಗಿಯಾಗಿ ಇರುವುದೇ ಒಂದು ರಕ್ಷಣೆ. ಹಾಯಾಗಿ ಇದ್ದಾಗ ದಿಢೀರನೆ ಕೆಟ್ಟ ಸುದ್ದಿ ಬಂದರೆ ತಡೆದುಕೊಳ್ಳುವುದು ಕಷ್ಟ. ಮೊದಲೇ ಬಿಗಿದುಕೊಂಡು ಕೂತಿದ್ದರೆ ಪೆಟ್ಟು ಅಷ್ಟು ಜೋರಾಗಿ ತಾಗುವುದಿಲ್ಲ ಎಂಬ ಲೆಕ್ಕ ಒಳಗೊಳಗೇ ನಡೆಯುತ್ತಿರುತ್ತದೆ. ಅಂಥವರಿಗೆ ‘ಎಲ್ಲ ಬಿಟ್ಟು ಸುಮ್ನೆ ಕೂತ್ಕೊಳ್ಳಿ’ ಎಂದರೆ ಮೈ ಹೆದರುತ್ತದೆ.

ಹಾಗೆ ನೋಡಿದರೆ ಯೋಚನೆಗಳ ಜೊತೆ ಒಬ್ಬರೇ ಕೂರುವುದು ಎಷ್ಟೋ ಜನರಿಗೆ ಸುಲಭ ಅಲ್ಲ. ವರ್ಜೀನಿಯಾ ವಿಶ್ವವಿದ್ಯಾಲಯದ ತಿಮೋತಿ ವಿಲ್ಸನ್ ಮತ್ತು ಸಂಗಡಿಗರು 2014ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಜನರನ್ನು ಖಾಲಿ ಕೋಣೆಯಲ್ಲಿ 15 ನಿಮಿಷ ಕೂರಿಸಿದರು. ಫೋನ್ ಇಲ್ಲ, ಪುಸ್ತಕ ಇಲ್ಲ. ಒತ್ತಿದರೆ ಸಣ್ಣಗೆ ಕರೆಂಟ್ ಹೊಡೆಯುವ ಒಂದು ಗುಂಡಿ ಮಾತ್ರ ಇತ್ತು. ಆ ಶಾಕ್ ತಪ್ಪಿಸಿಕೊಳ್ಳಲು ದುಡ್ಡು ಬೇಕಾದರೂ ಕೊಡುತ್ತೇವೆ ಎಂದಿದ್ದವರಲ್ಲೇ 18 ಗಂಡಸರಲ್ಲಿ 12 ಮಂದಿ, 24 ಹೆಂಗಸರಲ್ಲಿ 6 ಮಂದಿ ಗುಂಡಿ ಒತ್ತಿಕೊಂಡರು! ಧ್ಯಾನಕ್ಕೆ ಕೂತು ಐದು ನಿಮಿಷಕ್ಕೆ ಎದ್ದುಬಿಟ್ಟೆ ಎಂದು ನೀವು ಕೊರಗಬೇಕಾಗಿಲ್ಲ.

ನಾನು ತುಮಕೂರಿನ ಒಂದು ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ ಎಂಬ ಜಿಎಸ್‌ಟಿ ರಿಟರ್ನ್‌ಗಳು, ಜುಲೈ ಬಂದರೆ ಇನ್‌ಕಮ್ ಟ್ಯಾಕ್ಸ್ ರಿಟರ್ನ್, ಸೆಪ್ಟೆಂಬರ್‌ನಲ್ಲಿ ಆಡಿಟ್ ರಿಪೋರ್ಟ್. ನಮ್ಮ ಗಿರಾಕಿಗಳು ಬಿಲ್ಲು ತಂದುಕೊಡುವುದು ಲಾಸ್ಟ್ ಡೇಟ್ ದಿನವೇ. 21ನೇ ತಾರೀಖು ಬೆಳಿಗ್ಗೆ ಫೈಲಿಂಗ್ ಎಲ್ಲ ಮುಗಿದಿರುತ್ತದೆ, ಆದರೆ ಮೈಗೆ ಅದು ಗೊತ್ತಿರುವುದಿಲ್ಲ. ಪೋರ್ಟಲ್ ಓಪನ್ ಆಯಿತಾ, ಒಟಿಪಿ ಬಂತಾ ಎಂದು ಕೈ ತಾನಾಗಿಯೇ ಫೋನಿನ ಕಡೆ ಹೋಗುತ್ತದೆ. ಓಡುತ್ತಿರುವ ಬಸ್ಸಿಗೆ ಒಮ್ಮೆಲೇ ಬ್ರೇಕ್ ಹಾಕಿದರೆ ಒಳಗಿದ್ದವರೆಲ್ಲ ಮುಗ್ಗರಿಸುತ್ತಾರೆ, ಅಲ್ವಾ? ನಮ್ಮಂಥವರು ಮೊದಲು ವೇಗ ಇಳಿಸಬೇಕು. ನಿಲ್ಲುವುದು ಆಮೇಲೆ. ವೇಗ ಇಳಿಸಲು ನನಗೆ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿದ್ದು ಕೈಕೆಲಸ.

ಚಳಿಗಾಲದಲ್ಲಿ ನಮ್ಮ ಮನೆಯಲ್ಲಿ ಹಿತಕಬೇಳೆ ಸಾರು ಆಗದ ವಾರವೇ ಇಲ್ಲ. ಅವರೆಕಾಯಿ ಬಿಡಿಸಿ, ಕಾಳನ್ನು ರಾತ್ರಿ ನೀರಿಗೆ ಹಾಕಿದರೆ ಬೆಳಿಗ್ಗೆ ಹೊತ್ತಿಗೆ ಸಿಪ್ಪೆ ಸಡಿಲ ಆಗಿರುತ್ತದೆ. ಕಾಳನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಹಿತುಕಬೇಕು. ಬೇಳೆ ಪುಳಕ್ಕನೆ ಜಾರಿ ಪಾತ್ರೆಗೆ ಬೀಳುತ್ತದೆ, ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ. ಜೋರಾಗಿ ಒತ್ತಿದರೆ ಬೇಳೆ ಹಾರಿ ಸೋಫಾ ಕೆಳಗೆ ಹೋಗುತ್ತದೆ. ಮೆತ್ತಗೆ ಒತ್ತಿದರೆ ಬರುವುದೇ ಇಲ್ಲ. ಎಷ್ಟು ಒತ್ತಬೇಕು ಎನ್ನುವುದನ್ನು ಬೆರಳೇ ಕಲಿತುಕೊಳ್ಳುತ್ತದೆ. ‘ಬಾರಮ್ಮ, ಒಂದು ಹಿಡಿ ನೀನೂ ಹಿತುಕು’ ಎಂದು ನಮ್ಮತ್ತೆ ಪಾತ್ರೆ ನನ್ನ ಕಡೆ ಸರಿಸುತ್ತಾರೆ. ಸ್ವಲ್ಪ ಹೊತ್ತಿಗೆ ಬೆರಳ ತುದಿ ಸುಕ್ಕಾಗಿ, ಕೈಗೆಲ್ಲ ಅವರೆಯ ಸೊಗಡು ಹತ್ತಿಕೊಂಡಿರುತ್ತದೆ. ಒದ್ದೆ ಕೈಯಲ್ಲಿ ಫೋನ್ ಮುಟ್ಟುವ ಹಾಗಿಲ್ಲ. ಅತ್ತೆ ಯಾರದೋ ಮದುವೆ ಸುದ್ದಿ ತೆಗೆಯುತ್ತಾರೆ, ನಾನು ಹ್ಞೂಂ ಅನ್ನುತ್ತಿರುತ್ತೇನೆ. ಆ ಹೊತ್ತಿಗೆ ನನ್ನ ಭುಜ ಕೆಳಗಿಳಿದಿರುತ್ತದೆ, ಉಸಿರು ಹೊಟ್ಟೆಯವರೆಗೂ ಹೋಗುತ್ತಿರುತ್ತದೆ.

ಇಂಥ ಕೆಲಸಕ್ಕೆ ಗಮನ ಬೇಕು, ಆದರೆ ಪೂರ್ತಿ ಬೇಡ. ಮನಸ್ಸಿಗೆ ಹಿಡಿದುಕೊಳ್ಳಲು ಏನೋ ಒಂದು ಸಿಗುತ್ತದೆ, ಆದರೂ ಅದು ದಣಿಯುವುದಿಲ್ಲ. ಅವರೆಕಾಯಿಯೇ ಆಗಬೇಕು ಅಂತೇನಿಲ್ಲ. ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟಬಹುದು, ಸೊಪ್ಪು ಬಿಡಿಸಬಹುದು, ಬೈಕ್ ತೊಳೆಯಬಹುದು, ಪಾಟಿನ ಮಣ್ಣು ಕೆದಕಬಹುದು. ಎಷ್ಟಾಯಿತು ಎಂದು ಲೆಕ್ಕ ಇಡಬೇಡಿ, ಬೇಗ ಮುಗಿಸಲು ಹೋಗಬೇಡಿ. ರೀಲ್ಸ್ ನೋಡುವುದನ್ನು ಮಾತ್ರ ಇದಕ್ಕೆ ಸೇರಿಸಬೇಡಿ. ಅಲ್ಲಿ ಅರ್ಧ ನಿಮಿಷಕ್ಕೊಂದು ಹೊಸ ವಿಷಯ ಬಂದು ಮನಸ್ಸು ಇನ್ನೂ ಓಡುತ್ತದೆ.

ಕೈ ಆದ ಮೇಲೆ ಮೈ. ಇದನ್ನು ಓದುತ್ತಿರುವಾಗಲೇ ಒಂದು ಕ್ಷಣ ಗಮನಿಸಿ: ನಿಮ್ಮ ಮೇಲಿನ ಹಲ್ಲು, ಕೆಳಗಿನ ಹಲ್ಲು ಒಂದಕ್ಕೊಂದು ಒತ್ತಿಕೊಂಡಿವೆಯಾ? ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿದೆಯಾ? ಹುಬ್ಬು ಗಂಟಿಕ್ಕಿದೆಯಾ? ಗಡಿಬಿಡಿಯಲ್ಲಿ ಬದುಕುವವರಿಗೆ ಮೈ ಬಿಗಿಯಾಗಿದೆ ಅನ್ನುವುದೇ ತಿಳಿಯುವುದಿಲ್ಲ. ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್‌ಸನ್ 1920ರ ದಶಕದಲ್ಲೇ ಇದಕ್ಕೊಂದು ದಾರಿ ತೋರಿಸಿದ್ದರು. ಈಗ ಚಾಲ್ತಿಯಲ್ಲಿರುವುದು ಅದರ ಚಿಕ್ಕ ರೂಪ. ಸಡಿಲ ಬಿಡು ಎಂದರೆ ಬಿಡಲು ಬಾರದವರು ಮೊದಲು ಬೇಕಂತಲೇ ಬಿಗಿ ಮಾಡಬೇಕು, ಆಮೇಲೆ ಬಿಡಬೇಕು. ರಾತ್ರಿ ಹಾಸಿಗೆಯಲ್ಲಿ ಮಲಗಿ ಎರಡೂ ಮುಷ್ಟಿ ಬಿಗಿ ಹಿಡಿಯಿರಿ. ಐದರವರೆಗೆ ಎಣಿಸಿ, ಬಿಟ್ಟುಬಿಡಿ. ಬಿಟ್ಟಾಗ ಅಂಗೈಯಲ್ಲಿ ಏನಾಗುತ್ತದೆ ಎಂದು ಅಲ್ಲೇ ಸ್ವಲ್ಪ ಹೊತ್ತು ಗಮನ ಇಡಿ. ಆಮೇಲೆ ಭುಜವನ್ನು ಕಿವಿಯ ತನಕ ಎತ್ತಿ ಬಿಡಿ. ಮುಖ ಕಿವುಚಿ ಬಿಡಿ. ಹೊಟ್ಟೆ, ತೊಡೆ, ಪಾದ ಹೀಗೇ ಒಂದೊಂದಾಗಿ. ಬೆನ್ನು ನೋವು, ಕುತ್ತಿಗೆ ನೋವು ಇದ್ದರೆ ಆ ಜಾಗ ಬಿಟ್ಟುಬಿಡಿ. ನನಗೆ ಎಷ್ಟೋ ರಾತ್ರಿ ಪಾದ ಮುಟ್ಟುವುದರೊಳಗೇ ನಿದ್ದೆ ಬಂದಿರುತ್ತದೆ.

ಉಸಿರಿನ ವಿಷಯದಲ್ಲಿ ನೆನಪಿಡಬೇಕಾದ್ದು ಇಷ್ಟೇ. ಒಳಗೆ ತೆಗೆದುಕೊಳ್ಳುವುದಕ್ಕಿಂತ ಹೊರಗೆ ಬಿಡುವುದು ಉದ್ದ ಇರಲಿ. ಉಸಿರು ಬಿಡುವಾಗ, ಮಿದುಳಿನಿಂದ ಹೃದಯಕ್ಕೆ ಹೋಗುವ ವೇಗಸ್ ನರದ ಮೂಲಕ ಎದೆಬಡಿತ ಸ್ವಲ್ಪ ನಿಧಾನ ಆಗುತ್ತದೆ. ಮಣಿಕಟ್ಟಿನ ಮೇಲೆ ಬೆರಳಿಟ್ಟು ಉದ್ದಕ್ಕೆ ಉಸಿರು ಬಿಟ್ಟರೆ ಎಷ್ಟೋ ಜನಕ್ಕೆ ಅದು ಗೊತ್ತಾಗುತ್ತದೆ. ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ. ಬಿಗಿಹಿಡಿಯುವುದು ಬೇಡ. ಧ್ಯಾನಕ್ಕೆ ಕೂತರೆ ಚಡಪಡಿಕೆ ಅಂದಿರಲ್ಲ, ಹಾಗಾದರೆ ಕಣ್ಣು ಬಿಟ್ಟುಕೊಂಡೇ ಮಾಡಿ, ಕಿಟಕಿಯಿಂದ ಆಚೆ ನೋಡುತ್ತಾ ಮಾಡಿ.

ಇನ್ನು ತಲೆಯೊಳಗೆ ಸುತ್ತುವ ‘ಅದು ಬಾಕಿ, ಇದು ಬಾಕಿ’ ಪಟ್ಟಿ. ಮುಗಿಯದ ಕೆಲಸ ಮನಸ್ಸನ್ನು ಕೊರೆಯುತ್ತಿರುತ್ತದೆ. ಆದರೆ ಅದನ್ನು ಈಗಲೇ ಮುಗಿಸಬೇಕಾಗಿಲ್ಲ. ಯಾವಾಗ, ಹೇಗೆ ಮಾಡುತ್ತೇನೆ ಎಂದು ತೀರ್ಮಾನ ಆದರೆ ಸಾಕು, ಕಾಟ ಕಮ್ಮಿ ಆಗುತ್ತದೆ ಎಂದು ಮಸಿಕಾಂಪೊ ಮತ್ತು ಬಾಮೈಸ್ಟರ್ ಎಂಬ ಸಂಶೋಧಕರು 2011ರಲ್ಲಿ ತೋರಿಸಿದರು. ಅದಕ್ಕೇ ನಾನು ಮಲಗುವ ಮುಂಚೆ ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಬರೀ ‘ಗ್ಯಾಸ್’ ಎಂದು ಬರೆದರೆ ಉಪಯೋಗ ಇಲ್ಲ. ‘ಗ್ಯಾಸ್ ಬುಕ್ ಮಾಡುವುದು, ನಾಳೆ ತಿಂಡಿ ಆದ ಮೇಲೆ’ ಎಂದು ಬರೆಯಬೇಕು. ಕಾಗದದ ಮೇಲೇ ಬರೆಯಿರಿ. ಫೋನಿನಲ್ಲಿ ಬರೆಯಲು ಹೋದರೆ ಅಲ್ಲೊಂದು ವಾಟ್ಸಾಪ್ ಮೆಸೇಜ್ ಕಾಯುತ್ತಿರುತ್ತದೆ.

ಕಾಫಿ ಬಗ್ಗೆಯೂ ಹೇಳಲೇಬೇಕು. ಕುಡಿದ ಕೆಫೀನಿನಲ್ಲಿ ಅರ್ಧ ಇಳಿಯಲು ಹೆಚ್ಚಿನವರಿಗೆ ಸುಮಾರು 5 ಗಂಟೆ ಬೇಕು. ಸಂಜೆ 6ಕ್ಕೆ ಕುಡಿದ ಸ್ಟ್ರಾಂಗ್ ಫಿಲ್ಟರ್ ಕಾಫಿ ರಾತ್ರಿ 11ಕ್ಕೂ ಅರ್ಧ ಮೈಯಲ್ಲೇ ಇರುತ್ತದೆ. ಕಾಫಿ ಬಿಡಿ ಎಂದು ನಾನಂತೂ ಯಾರಿಗೂ ಹೇಳುವುದಿಲ್ಲ. ದಿನದ ಕೊನೆಯ ಕಾಫಿಯನ್ನು ಮಧ್ಯಾಹ್ನಕ್ಕೆ ತಂದು ನೋಡಿ.

ನಮ್ಮ ಮನೆಗಳಲ್ಲಿ ‘ಏನ್ ಸುಮ್ನೆ ಕೂತಿದ್ದೀಯ?’ ಎನ್ನುವುದು ಪ್ರಶ್ನೆಗಿಂತ ಬೈಗುಳವೇ ಜಾಸ್ತಿ. ಚಿಕ್ಕಂದಿನಿಂದ ಅದನ್ನೇ ಕೇಳಿ ಬೆಳೆದವರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಹತ್ತು ನಿಮಿಷ ಕಾಲು ಚಾಚಿದರೆ ತಪ್ಪು ಮಾಡಿದ ಹಾಗೆ ಅನ್ನಿಸುತ್ತದೆ. ಯಾರಾದರೂ ಒಳಗೆ ಬಂದರೆ ಗಬಕ್ಕನೆ ಎದ್ದು ಪೊರಕೆ ಹಿಡಿಯುವವರನ್ನು ನಾನು ನೋಡಿದ್ದೇನೆ. ಇದಕ್ಕೆ ಮನೆಯವರ ಜೊತೆ ಬಾಯಿಬಿಟ್ಟು ಮಾತಾಡಬೇಕು. ‘ಊಟ ಆದ ಮೇಲೆ ಅರ್ಧ ಗಂಟೆ ನನ್ನನ್ನು ಕರೀಬೇಡಿ’ ಎಂದು ನೇರವಾಗಿ ಹೇಳಿ. ಮೊದಲು ನಾಲ್ಕು ದಿನ ಮುಖ ಊದಿಸಬಹುದು, ಆಮೇಲೆ ರೂಢಿ ಆಗುತ್ತದೆ. ಒಬ್ಬರ ಮೇಲೆ ಮೂವರ ಕೆಲಸ ಬಿದ್ದಿದ್ದರೆ ಅದು ಉಸಿರಾಟದಿಂದ ಬಗೆಹರಿಯುವ ವಿಷಯ ಅಲ್ಲ. ಮನೆಯಲ್ಲಾಗಲಿ ಆಫೀಸಿನಲ್ಲಾಗಲಿ, ಕೆಲಸ ಹಂಚಿಕೆ ಆಗಲೇಬೇಕು. ನಿಮ್ಮದು ಯಾವ ಥರದ ಗಡಿಬಿಡಿ, ನಿಜವಾಗಿ ಕೆಲಸ ಜಾಸ್ತಿಯೋ ಅಥವಾ ಕೆಲಸ ಇಲ್ಲದಾಗಲೂ ಓಟ ನಿಲ್ಲುವುದಿಲ್ಲವೋ ಎಂದು ಒಂದು ವಾರ ಗಮನಿಸಿ.

ಒಮ್ಮೆ ಡಾಕ್ಟರಿಗೂ ತೋರಿಸಿ. ಚಡಪಡಿಕೆಯ ಜೊತೆ ಕೈ ನಡುಗುವುದು, ಎದೆ ಡವಡವ ಅನ್ನುವುದು, ಚೆನ್ನಾಗಿ ಊಟ ಮಾಡಿದರೂ ತೂಕ ಇಳಿಯುವುದು, ಸೆಕೆ ತಡೆಯಲು ಆಗದಿರುವುದು ಇದ್ದರೆ ಥೈರಾಯ್ಡ್ ಜಾಸ್ತಿ ಆಗಿರಬಹುದು. ಅದು ರಕ್ತ ಪರೀಕ್ಷೆಯಲ್ಲಿ ತಿಳಿಯುತ್ತದೆ. ರಾತ್ರಿ ಮಲಗಿದಾಗ ಕಾಲು ಆಡಿಸದೆ ಇರಲು ಆಗುವುದೇ ಇಲ್ಲ ಎಂದರೆ ಕಬ್ಬಿಣದ ಅಂಶ ಕಮ್ಮಿ ಇರಬಹುದು, ಅದನ್ನೂ ಕೇಳಿ. ನಿದ್ದೆ ಕೆಟ್ಟು ವಾರಗಳೇ ಆಗಿದ್ದರೆ, ಏನೋ ಕೆಟ್ಟದ್ದು ಆಗಿಬಿಡುತ್ತದೆ ಎಂಬ ಭಯ ದಿನವಿಡೀ ಬಿಡದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, 2022ರಲ್ಲಿ ಶುರುವಾಯಿತು, ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಏನು ಹೇಳಬೇಕೋ ಗೊತ್ತಾಗದಿದ್ದರೆ ನಿಮ್ಮ ಪ್ರಶ್ನೆಯಲ್ಲಿ ಬರೆದಿದ್ದನ್ನೇ ಓದಿ ಹೇಳಿ. ಮುಂದಿನದನ್ನು ಅವರೇ ಒಂದೊಂದಾಗಿ ಕೇಳುತ್ತಾರೆ.