ಡಾರ್ನಲ್ಡ್ ಅಂದ್ರೆ ಶಾರ್ಲಟ್ ಯಾಕೆ ಮುಖ ಹಿಂಡುತ್ತೆ

ಶಾರ್ಲಟ್‌ಗೆ ಬಂದು ಮೂರು ತಿಂಗಳು, ಆಫೀಸಲ್ಲಿ ಊಟದ ಹೊತ್ತಿಗೆ ಬರೀ ಇಲ್ಲಿನ ಅಮೆರಿಕನ್ ಫುಟ್‌ಬಾಲ್ ತಂಡ ಪ್ಯಾಂಥರ್ಸ್ ಮಾತು, ಅದರ ಹಳೇ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸೋನು) ಸ್ಯಾಮ್ ಡಾರ್ನಲ್ಡ್ ಹೆಸರು ಬಂದ್ರೆ ಮಾತ್ರ ಎಲ್ಲರೂ ಮುಖ ಹಿಂಡ್ತಾರೆ, ಯಾಕೆ ಅಂತ ಕೇಳಿದ್ದೀರಿ. ಪಂದ್ಯಕ್ಕೆ ಹೋಗೋದಾದ್ರೆ ಚಳಿ, ಊಟ ಹೇಗೆ ಅಂತಲೂ. ನವೆಂಬರ್ ದಾಟಿದ್ರೆ ಸ್ವೆಟರ್ ಇರಲಿ. ಚಿತ್ರಾನ್ನ ಪಾರ್ಕಿಂಗ್‌ನಲ್ಲೇ ಮುಗಿಸಿ. ಬ್ಯಾಗ್ ಪಾರದರ್ಶಕ ಇರಬೇಕು, 12×6×12 ಇಂಚು ಮೀರಬಾರದು. ಅಷ್ಟೇ.

ಇನ್ನು ಡಾರ್ನಲ್ಡ್. ಐಪಿಎಲ್ ಹರಾಜನ್ನ ತಲೆಯಿಂದ ತೆಗೆದುಬಿಡಿ. ಇಲ್ಲಿ ಕಾಲೇಜು ಹುಡುಗರನ್ನ ಸರದಿ ಪ್ರಕಾರ ಆರಿಸ್ಕೊಳ್ತಾರೆ, ಒಟ್ಟು ಏಳು ಸುತ್ತು, ಹಿಂದಿನ ವರ್ಷ ನೆಲ ಕಚ್ಚಿದ ತಂಡಕ್ಕೆ ಮೊದಲ ಸರದಿ. ಅದೇ ಡ್ರಾಫ್ಟ್. (ಬ್ಯಾಂಕಿನ ಡಿ.ಡಿ. ಇರಬೇಕು ಅಂದ್ಕೊಂಡು ಇಲ್ಲಿ ಬಂದಿಳಿದವರು ನಾವೂ. ಊರೂ ಬ್ಯಾಂಕುಗಳದ್ದೇ ನೋಡಿ.) ಮುಂದಿನ ವರ್ಷಗಳ ಸರದಿಯನ್ನೂ ಕೊಟ್ಟು ಆಟಗಾರನನ್ನ ತರಬಹುದು.

2018ರಲ್ಲಿ ನ್ಯೂಯಾರ್ಕಿನ ಜೆಟ್ಸ್ ತಂಡ ಡಾರ್ನಲ್ಡ್‌ನನ್ನ 3ನೆಯವನಾಗಿ ಆರಿಸ್ತು. 38 ಪಂದ್ಯ, 45 ಟಚ್‌ಡೌನ್ ಎಸೆತ (ಅಂಕ ತಂದವು), 39 ಇಂಟರ್ಸೆಪ್ಷನ್ (ಎದುರಾಳಿ ಕೈಗೆ ಹೋದವು). 2021ರ ಏಪ್ರಿಲ್‌ನಲ್ಲಿ ನಮ್ಮವರು ಆ ವರ್ಷದ 6ನೇ ಸುತ್ತು, 2022ರ 2 ಮತ್ತು 4ನೇ ಸುತ್ತಿನ ಸರದಿ ಕೊಟ್ಟು ತಂದ್ರು. ಹುಡುಗನಿಗೆ 23. ಇಷ್ಟಕ್ಕೆ ನಾನು ಬೈಯಲ್ಲ.

ಎಡವಿದ್ದು ಅದರ ಬೆನ್ನಲ್ಲೇ. ಮೊದಲ ಸುತ್ತಿನ ಹುಡುಗನ ಕರಾರು ನಾಲ್ಕು ವರ್ಷ. ಐದನೆಯದು ಬೇಕಾ ಅಂತ ತಂಡ ನಾಲ್ಕನೇ ಸೀಸನ್‌ಗೆ ಮುಂಚೆ, ಮೇ ಮೊದಲ ವಾರದೊಳಗೆ ಹೇಳಬೇಕು. 2018ರ ಬ್ಯಾಚಿನಿಂದ, ಹೂಂ ಅಂದ್ರೆ ಪೂರ್ತಿ ದುಡ್ಡು ಖಾತ್ರಿ. ಗಾಯವಾಗಲಿ, ಬೆಂಚ್ ಕಾಯಲಿ. ನಮ್ಮ ಜೆರ್ಸಿಯಲ್ಲಿ ಒಂದೇ ಒಂದು ಪಂದ್ಯ ನೋಡದೆ 1 ಕೋಟಿ 88 ಲಕ್ಷ ಡಾಲರ್‌ಗೆ ಹೂಂ ಅಂದ್ಬಿಟ್ರು. 2021ರ ಡ್ರಾಫ್ಟಿನಲ್ಲಿ ನಮ್ಮ 8ನೇ ಸರದಿಗೆ ಕ್ವಾರ್ಟರ್‌ಬ್ಯಾಕ್‌ಗಳಾದ ಜಸ್ಟಿನ್ ಫೀಲ್ಡ್ಸ್, ಮ್ಯಾಕ್ ಜೋನ್ಸ್ ಇಬ್ಬರೂ ಉಳಿದಿದ್ರು. ಕ್ವಾರ್ಟರ್‌ಬ್ಯಾಕ್ ಸಿಕ್ಕಾಯ್ತಲ್ಲ ಅಂತ ಡಿಫೆನ್ಸ್ ಆಟಗಾರ ಜೇಸಿ ಹಾರ್ನ್‌ನನ್ನ ತಗೊಂಡ್ರು.

ಮೊದಲ ಮೂರು ಪಂದ್ಯ ಗೆದ್ದಾಗ ಊರೆಲ್ಲ ಕುಣೀತು. ಸೀಸನ್ ಮುಗಿಯೋ ಹೊತ್ತಿಗೆ 9 ಟಚ್‌ಡೌನ್, 13 ಇಂಟರ್ಸೆಪ್ಷನ್, ಜೊತೆಗೆ ಭುಜದ ಗಾಯ.

ಏನು ಕೆಡ್ತು ಅಂದ್ರೆ: ಕ್ವಾರ್ಟರ್‌ಬ್ಯಾಕ್ ಹಿಂದಕ್ಕೆ ಐದು ಹೆಜ್ಜೆ ಇಟ್ಟು ಹಿಂಗಾಲು ಊರ್ತಾನೆ. ಚೆಂಡು ಹಿಡಿಯೋರಲ್ಲಿ ಮೊದಲನೆಯವನು ಖಾಲಿ ಇದ್ರೆ ಎಸೆತ. ಇಲ್ದಿದ್ರೆ ಒಂದು ಪುಟ್ಟ ಹೆಜ್ಜೆ ಮುಂದೆ, ಎರಡನೆಯವನ ಕಡೆ ಕಣ್ಣು. ಇದೆಲ್ಲ ಎರಡೂವರೆ ಸೆಕೆಂಡಿನ ಆಸುಪಾಸು. ಮುಂದೆ ನಿಂತು ಅವನನ್ನ ಕಾಯೋ ಲೈನ್ ಪದೇಪದೇ ಒಡೆದ್ರೆ ಕಣ್ಣು ಎಸೆಯೋ ಜಾಗ ಬಿಟ್ಟು ಮೈಮೇಲೆ ಬರೋರನ್ನ ಹುಡುಕುತ್ತೆ. ಯಾರೂ ಬರದಿದ್ರೂ ಹುಡುಕುತ್ತೆ. 2019ರಲ್ಲಿ ಪೇಟ್ರಿಯಟ್ಸ್ ಎದುರು ದೆವ್ವ ಕಾಣ್ತಿದೆ ಅಂತ ಡಾರ್ನಲ್ಡೇ ಅಂದಿದ್ದು ಮೈಕ್‌ನಲ್ಲಿ ಸಿಕ್ಕಿಬಿಟ್ಟಿತ್ತು. ಅಂಥವನನ್ನ ತರೋ ಮುಂಚೆ ಲೈನ್ ಗಟ್ಟಿ ಮಾಡ್ಬೇಕಿತ್ತು. ಮಾಡ್ಲಿಲ್ಲ. 2022ರ ಜುಲೈನಲ್ಲಿ ಹೋಗಿ ಬೇಕರ್ ಮೇಫೀಲ್ಡ್‌ನನ್ನ ತಂದ್ರು, ಅವನೂ ಹೀಗೇ ಎಡವಿ ಬಂದವನು. ಡಿಸೆಂಬರ್‌ಗೆ ಅವನನ್ನೂ ಬಿಟ್ರು.

ಅದೇ ಡಾರ್ನಲ್ಡ್ 2024ರಲ್ಲಿ ಮಿನೆಸೋಟದಲ್ಲಿ 14 ಪಂದ್ಯ ಗೆಲ್ಲಿಸಿ 35 ಟಚ್‌ಡೌನ್ ಎಸೆದ. ಆಫೀಸಲ್ಲಿ ಮುಖ ಹಿಂಡೋದು ಅದಕ್ಕೇ. ಹೊಸ ಊರಲ್ಲಿ ಮೊದಲ ವರ್ಷವೇ ಇವನ ಕೈಲಾಗಲ್ಲ ಅನ್ನಿಸಿಕೊಂಡವನ ಸಂಕಟ ನಿಮಗೆ ಬಿಡಿಸಿ ಹೇಳ್ಬೇಕಿಲ್ಲ.

ನಮ್ಮ ಕ್ವಾರ್ಟರ್‌ಬ್ಯಾಕ್ ಬ್ರೈಸ್ ಯಂಗ್‌ನನ್ನೂ 2024ರಲ್ಲಿ ಎರಡೇ ಪಂದ್ಯ ಆದ್ಮೇಲೆ ಬೆಂಚಿಗೆ ಕೂರಿಸಿದ್ರು, ಆದ್ರೆ ಮಾರ್ಲಿಲ್ಲ. ಆ ಸೀಸನ್ನಲ್ಲೇ ಮತ್ತೆ ಆಡಿಸಿದ್ರು. ಪಂದ್ಯಕ್ಕೆ ಹೋದ್ರೆ ಮೇಲ್ಗಡೆ ಸೀಟೇ ತಗೊಳ್ಳಿ, ಅಗ್ಗ, ಲೈನ್ ಪೂರ್ತಿ ಕಾಣುತ್ತೆ. ಚೆಂಡನ್ನ ಬಿಡಿ, 9ನೇ ನಂಬರ್ ಜೆರ್ಸಿಯ ಯಂಗ್‌ನ ಹಿಂಗಾಲು ನೋಡಿ.