ಬರಹಗಾರರಿಗೆ ಸಲಹೆ: ಕೆಂಚ ಮರಳಿದ್ದು ಎಲ್ಲಿಗೆ?

ಪ್ರಿಯ ಲೇಖಕಿಯವರಿಗೆ ನಮಸ್ಕಾರ.

‘ಸರಪಳಿಯೋ ಬೀದಿಯೋ’ ಎಂಬ ನಿಮ್ಮ ಪ್ರಬಂಧವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಆದರೆ ಪ್ರಕಟಿಸಲೇಬೇಕಾದ ಬರಹವೊಂದು ಅದರೊಳಗೆ ಅಡಗಿರುವುದರಿಂದ ಒಂದು ಸಾಲಿನ ವಿಷಾದಪತ್ರಕ್ಕೆ ಬದಲಾಗಿ ಇಷ್ಟುದ್ದ ಬರೆಯುತ್ತಿದ್ದೇನೆ.

ಬೀದಿನಾಯಿ ತನ್ನ ಪಾಡಿಗೆ ತಾನಿರುವಾಗ ಸುಖಿಯೋ, ಯಾರದೋ ಮನೆಯ ನಾಯಿಯಾದಾಗ ಸುಖಿಯೋ ಎಂಬ ಪ್ರಶ್ನೆಯಿಂದ ಹೊರಟು, ಹನ್ನೆರಡು ಪುಟಗಳುದ್ದಕ್ಕೂ ಸ್ವಾತಂತ್ರ್ಯದ ಮಹಿಮೆಯನ್ನು ಕೊಂಡಾಡಿ, ಕೊನೆಗೆ ಧರ್ಮರಾಯನ ಹಿಂದೆ ನಡೆದ ನಾಯಿಯ ಬಳಿ ಮುಗಿಸಿದ್ದೀರಿ. ಈ ಪುಟಗಳಲ್ಲಿ ಮಾತನಾಡುತ್ತಿರುವುದು ನಾಯಿಯಲ್ಲ, ಬಾಡಿಗೆ ಮನೆಯ ಕರಾರಿನಿಂದಲೂ ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಿಂದಲೂ ಬೇಸತ್ತ ಮನುಷ್ಯರು. ಆ ಬೇಸರ ನಿಜವಾದದ್ದೇ (ನನಗೂ ಇದೆ), ಆದರೆ ಅದನ್ನು ನಾಯಿಯ ಬಾಯಲ್ಲಿ ಹೇಳಿಸಬೇಡಿ.

ಇಡೀ ಪ್ರಬಂಧದಲ್ಲಿ ಜೀವವಿರುವುದು ಏಳನೆಯ ಪುಟದ ಐದು ಸಾಲುಗಳಲ್ಲಿ. ಗಾಂಧಿಬಜಾರಿನ ಹೂವಿನಂಗಡಿಯ ಕೆಳಗೆ ಆರು ವರ್ಷ ಮಲಗಿದ್ದ ಕೆಂಚನೆಂಬ ನಾಯಿಯನ್ನು ನಿಮ್ಮ ಅಣ್ಣ ವೈಟ್‌ಫೀಲ್ಡಿನ ಹದಿನಾಲ್ಕನೆಯ ಮಹಡಿಗೆ ಕರೆದೊಯ್ದದ್ದು, ಅದು ಲಿಫ್ಟಿನೊಳಗೆ ಕಾಲಿಡಲೊಲ್ಲದೆ ನಡುಗಿದ್ದು, ಬಾಲ್ಕನಿಯ ಕಂಬಿಗಳ ನಡುವೆ ಮೂತಿ ತೂರಿಸಿ ನಿಂತೇ ರಾತ್ರಿ ಕಳೆದದ್ದು, ಹನ್ನೊಂದನೆಯ ದಿನ ಅದನ್ನು ಮತ್ತೆ ಅಂಗಡಿಯ ಬಳಿ ಬಿಟ್ಟು ಬಂದದ್ದು. ಇದನ್ನು ಓದಿ ನಾನು ಪುಟ ತಿರುವದೆ ಕುಳಿತೆ. ನೀವಾದರೋ ‘ಸ್ವಾತಂತ್ರ್ಯಕ್ಕೆ ಮಿಗಿಲಾದುದಿಲ್ಲ’ ಎಂದು ಷರಾ ಬರೆದು ಮುಂದೆ ಹೋಗಿಬಿಟ್ಟಿರಿ. ಕೆಂಚ ಹಂಬಲಿಸಿದ್ದು ಸ್ವಾತಂತ್ರ್ಯಕ್ಕೋ, ಅಥವಾ ತಾನು ಬಲ್ಲ ನಾಲ್ಕು ಅಂಗಡಿ, ಎರಡು ತಿರುವು ಮತ್ತು ನಸುಕಿನಲ್ಲಿ ಹೂವಿನ ಮೂಟೆ ಇಳಿಸುವ ಒಬ್ಬ ಹೆಂಗಸಿಗೋ? ನಾಯಿಮರಿಯು ಮೂರನೆಯ ವಾರದಿಂದ ಸುಮಾರು ಮೂರು ತಿಂಗಳವರೆಗೆ ಯಾವುದನ್ನು ಕಂಡು, ಕೇಳಿ, ಮೂಸಿ ಬೆಳೆಯುತ್ತದೆಯೋ ಅದಕ್ಕೆ ಸುಲಭವಾಗಿ ಹೊಂದಿಕೊಳ್ಳುತ್ತದೆ. ಆ ವಯಸ್ಸನ್ನು ಬೀದಿಯಲ್ಲೇ ಕಳೆದ ನಾಯಿ ಮುಚ್ಚಿದ ಬಾಗಿಲಿಗೂ ನುಣುಪಾದ ಟೈಲ್ಸಿಗೂ ಹೆದರಿದರೆ ಅದನ್ನು ತತ್ತ್ವಜ್ಞಾನವೆಂದು ತಿಳಿಯಬೇಕಾಗಿಲ್ಲ. ತಾಳ್ಮೆಯಿಂದ ಪಳಗಿಸಿದರೆ ಮನೆಗೆ ಒಗ್ಗಿಕೊಳ್ಳುವ ದೊಡ್ಡ ನಾಯಿಗಳೂ ಇವೆ, ಆದರೆ ಅದಕ್ಕೆ ಹನ್ನೊಂದು ದಿನ ಸಾಲದು.

ಇನ್ನೊಂದು ಮಾತನ್ನು ನಿಷ್ಠುರವಾಗಿಯೇ ಹೇಳುತ್ತೇನೆ. ನಿಮ್ಮ ಬೀದಿಯಲ್ಲಿ ಯಾವ ನಾಯಿಯೂ ಸಾಯುವುದಿಲ್ಲ, ಯಾವ ನಾಯಿಯೂ ಪೇಪರ್ ಹಾಕುವ ಹುಡುಗನನ್ನು ಕಚ್ಚುವುದಿಲ್ಲ. ಪಶ್ಚಿಮ ಬಂಗಾಳದ ಬೀದಿಗಳಲ್ಲಿ 364 ಮರಿಗಳನ್ನು ಗಮನಿಸಿ ಕೋಲ್ಕತ್ತದ ಐಸರ್ (ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆ) ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಪ್ರಾಯಕ್ಕೆ ಬರುವವರೆಗೆ ಉಳಿದವು ನೂರಕ್ಕೆ 19 ಮಾತ್ರ, ಮತ್ತು ನೂರರಲ್ಲಿ 63 ಸಾವುಗಳ ಹಿಂದೆ ಒಂದಲ್ಲ ಒಂದು ಬಗೆಯಲ್ಲಿ ಮನುಷ್ಯರ ಕೈ ಇತ್ತು. ಕೆಂಚ ಬದುಕುಳಿದ ನಾಯಿ. ಅದರ ಒಡಹುಟ್ಟಿದ ಮರಿಗಳು ಏನಾದವು? ಬದುಕುಳಿದ ಒಂದನ್ನು ನೋಡಿ ಬೀದಿಯೇ ಸುಖವೆಂದು ತೀರ್ಪು ಕೊಟ್ಟರೆ ಚರಂಡಿಯಲ್ಲಿ ಸತ್ತ ಮರಿಗಳು ಲೆಕ್ಕಕ್ಕೇ ಬರುವುದಿಲ್ಲ. ನನ್ನನ್ನು ಕೇಳಿದರೆ, ಎಳೆಯ ಮರಿಗೆ ಮನೆ ಸಿಗುವುದಾದರೆ ಅದಕ್ಕಿಂತ ಒಳ್ಳೆಯದಿಲ್ಲ. ಒಂದು ಬೀದಿಗೆ ಒಗ್ಗಿಹೋದ, ಅಲ್ಲಿ ಅನ್ನವೂ ಲಸಿಕೆಯೂ ಸಿಗುತ್ತಿರುವ, ಯಾರಿಗೂ ತೊಂದರೆ ಕೊಡದ ನಾಯಿಯನ್ನು ಕಿತ್ತು ತರುವುದು ಉಪಕಾರವಲ್ಲ. ನೀವು ಒಪ್ಪಬೇಕೆಂದೇನೂ ಇಲ್ಲ, ಆದರೆ ನಾಯಿಯ ವಯಸ್ಸನ್ನು ಬಿಟ್ಟು ಈ ಪ್ರಶ್ನೆಗೆ ಉತ್ತರ ಹುಡುಕಬೇಡಿ.

ಒಂದು ತಪ್ಪನ್ನಂತೂ ತಿದ್ದಲೇಬೇಕು. ಪಾಲಿಕೆಯವರು ಹಿಡಿದೊಯ್ದ ನಾಯಿ ಮರಳುವುದೇ ಇಲ್ಲವೆಂದು ಬರೆದಿದ್ದೀರಿ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ರೇಬೀಸ್ ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ತಂದು ಬಿಡಬೇಕು. ಆದರೆ ಶಾಲೆ, ಆಸ್ಪತ್ರೆ, ಬಸ್ ಮತ್ತು ರೈಲು ನಿಲ್ದಾಣಗಳಂಥ ಆವರಣಗಳಿಂದ ಹಿಡಿದವನ್ನು ಅಲ್ಲಿಗೇ ಮರಳಿ ಬಿಡಬಾರದೆಂದು ಸುಪ್ರೀಂ ಕೋರ್ಟ್ 2025ರ ನವೆಂಬರಿನಲ್ಲಿ ಆದೇಶಿಸಿತು. 2023ರ ಗಣತಿಯಲ್ಲಿ ಬೆಂಗಳೂರಿನ ಬೀದಿನಾಯಿಗಳ ಸಂಖ್ಯೆ ಸುಮಾರು 2.79 ಲಕ್ಷ. ಇಷ್ಟಕ್ಕೂ ಮನೆ ಹುಡುಕುವುದು ಆಗದ ಮಾತಾದ್ದರಿಂದ, ಹೆಚ್ಚಿನ ನಾಯಿಗಳ ಪಾಲಿಗೆ ನಿಮ್ಮ ‘ಬೀದಿಯೋ ಮನೆಯೋ’ ಎಂಬ ಆಯ್ಕೆಯೇ ಇಲ್ಲ. ಇರುವುದು ಯಾವ ಬಗೆಯ ಬೀದಿ ಎಂಬುದಷ್ಟೇ.

ಧರ್ಮರಾಯನನ್ನು ಕೈಬಿಡಿ, ನಾಯಿಯ ಬಗೆಗಿನ ಎರಡು ಪ್ರಬಂಧಗಳಲ್ಲಿ ಒಂದಕ್ಕೆ ಅವನೇ ಗತಿಯಾಗಿದ್ದಾನೆ. ಪುರಾತನವಾದದ್ದೇ ಬೇಕಿದ್ದರೆ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಒಮ್ಮೆ ಹೋಗಿ ಆತಕೂರಿನ ವೀರಗಲ್ಲನ್ನು ನೋಡಿ. ಹತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನ ಕಾಲದಲ್ಲಿ ಒಡೆಯ ಮೆಚ್ಚಿ ಏನು ಬೇಕೆಂದಾಗ ಮಣಲೆರನೆಂಬ ವೀರ ಬೇಡಿದ್ದು ಕಾಳಿಯೆಂಬ ನಾಯಿಯನ್ನು. ಹಂದಿಯೊಡನೆ ಹೋರಾಡಿ ಸತ್ತ ಅದಕ್ಕಾಗಿ ಆ ಕಲ್ಲನ್ನು ನಿಲ್ಲಿಸಿದರು. ಕಾಳಿಗೆ ಒಂದು ಹೆಸರಿತ್ತು, ಮಾಡಲು ಕೆಲಸವಿತ್ತು, ಗುರುತು ಹಿಡಿಯುವ ಜನರಿದ್ದರು. ನಿಮ್ಮ ಐದು ಸಾಲುಗಳಲ್ಲಿ ಗಾಂಧಿಬಜಾರಿನ ಕೆಂಚನಿಗೂ ಇವು ಮೂರೂ ಇವೆ, ನೀವು ಗಮನಿಸಿದಂತಿಲ್ಲ.

ಆ ಐದು ಸಾಲುಗಳನ್ನಷ್ಟೇ ಇಟ್ಟುಕೊಂಡು ಸಾವಿರದ ಇನ್ನೂರು ಪದಗಳೊಳಗೆ ಮತ್ತೆ ಬರೆದು ಕಳುಹಿಸಿ. ಕಾರಿನಿಂದಿಳಿದ ಕೆಂಚ ಮೊದಲು ಯಾವ ಕಡೆಗೆ ನಡೆಯಿತು, ಆ ಹನ್ನೊಂದು ದಿನ ಅದರ ಜಾಗದಲ್ಲಿ ಬೇರೆ ನಾಯಿ ಬಂದು ಮಲಗಿತ್ತೇ, ಹೂವಿನಂಗಡಿಯಾಕೆ ನಿಮ್ಮ ಅಣ್ಣನಿಗೆ ಏನೆಂದರು ಎಂಬುದೊಂದೂ ಬರಹದಲ್ಲಿಲ್ಲ. ಕೇಳಿಕೊಂಡು ಬನ್ನಿ.

ಇಂತಿ,
ಸಂಪಾದಕ